ಡ್ರಮ್ ಬ್ರೇಕ್: ಶೂ ಬದಲಿಸಿದ ಮೇಲೆ ಬರುವ ಸದ್ದುಗಳು

ಡ್ರಮ್ ಬ್ರೇಕಿನ ಶೂಗಳನ್ನು ಮನೆಯಲ್ಲೇ ಬದಲಿಸಿದ ಬಳಿಕ ಚಕ್ರದಿಂದ ಹಿಂದೆ ಇರದಿದ್ದ ಸದ್ದು ಕೇಳಿಬರುವುದು ತೀರ ಸಾಮಾನ್ಯ. ಒಮ್ಮೆ ಅದು ಸಣ್ಣಗೆ ಉಜ್ಜಿದಂತಿರುತ್ತದೆ, ಒಮ್ಮೆ ಕಿವಿ ಕೊರೆಯುವ ಕೀರಲು, ಇನ್ನೊಮ್ಮೆ ಬ್ರೇಕ್ ತುಳಿದಾಗಲಷ್ಟೇ ಬರುವ ಟಕ್ ಟಕ್, ಕೆಟ್ಟ ಸಂದರ್ಭದಲ್ಲಿ ಲೋಹಕ್ಕೆ ಲೋಹ ತಾಗಿದ ಗರಗರ. ಕೇಳಿದವರು ಸಾಮಾನ್ಯವಾಗಿ ಆ ಸದ್ದಿಗೆ ಒಂದು ಹೆಸರಿಟ್ಟು, ಹೆಸರಿನಿಂದ ಕಾರಣಕ್ಕೆ ನೇರವಾಗಿ ಜಿಗಿಯುತ್ತಾರೆ. ಆದರೆ ಒಂದೇ ಬಗೆಯ ಕೀರಲಿಗೆ ಐದಾರು ಕಾರಣಗಳಿರುತ್ತವೆ, ಒಂದೇ ಕಾರಣ ಎರಡು ಕಾರುಗಳಲ್ಲಿ ಎರಡು ಬಗೆಯ ಸದ್ದು ಮಾಡುತ್ತದೆ. ಆದ್ದರಿಂದ ಸದ್ದು ಹೇಗಿದೆ ಎಂಬುದಕ್ಕಿಂತ ಅದು ಯಾವಾಗ ಹುಟ್ಟುತ್ತದೆ, ಯಾವುದಕ್ಕೆ ಬದಲಾಗುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದೇ ಗಟ್ಟಿಯಾದ ಸಾಕ್ಷ್ಯ. ಆ ಸಾಕ್ಷ್ಯ ಹೆಚ್ಚಿನ ಸಂದರ್ಭಗಳಲ್ಲಿ ಕರೆದೊಯ್ಯುವುದು ಹೊಸ ಶೂವಿನ ಕಡೆಗಲ್ಲ. ಹೊಸ ಶೂ ಹಳೆಯ ಡ್ರಮ್ಮನ್ನೋ ಹಳೆಯ ತಗಡನ್ನೋ ಮುಟ್ಟುವ ಜಾಗಕ್ಕೆ.

ಡ್ರಮ್ ಬ್ರೇಕಿನ ರಚನೆ ನೂರು ವರ್ಷದಲ್ಲಿ ಮೂಲದಲ್ಲಿ ಬದಲಾಗಿಲ್ಲ. ಫ್ರಾನ್ಸಿನ ಲೂಯಿ ರೆನೊ 1902ರಲ್ಲಿ ರೂಪಿಸಿದ ವಿನ್ಯಾಸದಲ್ಲಿದ್ದಂತೆ ಈಗಲೂ ಚಕ್ರದ ಜೊತೆ ತಿರುಗುವ ಎರಕದ ಕಬ್ಬಿಣದ ಡ್ರಮ್ಮಿನೊಳಗೆ ಎರಡು ಅರ್ಧಚಂದ್ರಾಕಾರದ ಶೂಗಳು ಹೊರಕ್ಕೆ ಅಗಲಿ ಒಳಮೈಯನ್ನು ಒತ್ತುತ್ತವೆ. ಕಾರಿನಲ್ಲಿ ಅವನ್ನು ಅಗಲಿಸುವುದು ಬ್ರೇಕ್ ಆಯಿಲ್ ಒತ್ತಡದಿಂದ ಕೆಲಸ ಮಾಡುವ ವೀಲ್ ಸಿಲಿಂಡರ್. ಪೆಡಲ್ ಬಿಟ್ಟಾಗ ಒಳಕ್ಕೆ ಎಳೆದುಕೊಳ್ಳುವುದು ರಿಟರ್ನ್ ಸ್ಪ್ರಿಂಗ್. ಶೂಗಳು ಬೀಳದಂತೆ ಹಿಂಬದಿಯ ತಗಡಿಗೆ, ಅಂದರೆ ಬ್ಯಾಕ್ ಪ್ಲೇಟಿಗೆ, ಒಂದೊಂದು ಪಿನ್ನು ಮತ್ತು ಸಣ್ಣ ಸ್ಪ್ರಿಂಗಿನಿಂದ ಒತ್ತಿ ನಿಲ್ಲಿಸಿರುತ್ತಾರೆ. ಶೂವಿನ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗ್, ಸವೆದಂತೆ ಅಂತರ ತುಂಬಲು ಒಂದು ಅಡ್ಜಸ್ಟರ್, ಹ್ಯಾಂಡ್ ಬ್ರೇಕ್ ಕೇಬಲ್ ಎಳೆಯುವ ಒಂದು ಸನ್ನೆ ಇರುತ್ತವೆ. ಮಾರುತಿ 800ರಿಂದ ಹಿಡಿದು ಇಂದಿನ ಬಹುತೇಕ ಸಣ್ಣ ಕಾರುಗಳವರೆಗೆ ಭಾರತದಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್ ಎಂಬ ವ್ಯವಸ್ಥೆಯೇ ಉಳಿದುಬಂದಿದೆ. ಖರ್ಚು ಕಡಿಮೆ, ಹ್ಯಾಂಡ್ ಬ್ರೇಕ್ ಜೋಡಿಸುವುದು ಸುಲಭ, ಕೆಸರು ನೀರು ನೇರವಾಗಿ ಒಳನುಗ್ಗುವುದಿಲ್ಲ.

ಈ ವ್ಯವಸ್ಥೆಯ ಒಂದು ಪರಿಣಾಮ ನಮ್ಮ ವಿಷಯಕ್ಕೆ ಮುಖ್ಯ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಬ್ರೇಕುಗಳದು. ಹಿಂದಿನ ಶೂಗಳು ನಿಧಾನವಾಗಿ ಸವೆಯುತ್ತವೆ, ವರ್ಷಗಟ್ಟಲೆ ಯಾರೂ ಡ್ರಮ್ ಬಿಚ್ಚುವುದಿಲ್ಲ. ಕೊನೆಗೆ ಬಿಚ್ಚುವ ಹೊತ್ತಿಗೆ ಶೂ ಮಾತ್ರ ಹಳತಾಗಿರುವುದಿಲ್ಲ. ಡ್ರಮ್ಮಿನ ಒಳಮೈ ಲೈನಿಂಗ್ ತಾಗುವಷ್ಟು ಅಗಲಕ್ಕೆ ತಗ್ಗಾಗಿ, ತಾಗದ ಅಂಚಿನಲ್ಲಿ ತುಕ್ಕು ಹಿಡಿದ ಏಣು ಎದ್ದಿರುತ್ತದೆ. ಬ್ಯಾಕ್ ಪ್ಲೇಟಿನ ಮೇಲೆ ಶೂವಿನ ಅಂಚು ಜಾರಾಡುವ ಉಬ್ಬುಗಳಲ್ಲಿ, ಸಾಮಾನ್ಯವಾಗಿ ಶೂವಿಗೆ ಮೂರರಂತೆ ಆರು ಕಡೆ, ಗೆರೆ ಕೊರೆದ ಹಳ್ಳ ಬಿದ್ದಿರುತ್ತದೆ. ಸ್ಪ್ರಿಂಗುಗಳು ಕಾದು ತಣಿದು ಬಿಗಿ ಕಳೆದುಕೊಂಡಿರುತ್ತವೆ. ಹಳೆಯ ಶೂ ಈ ಎಲ್ಲ ಏರುತಗ್ಗುಗಳ ಜೊತೆಗೇ ಸವೆದು ಅವುಗಳಿಗೆ ಹೊಂದಿಕೊಂಡಿತ್ತು; ಅದು ಸುಮ್ಮನಿದ್ದದ್ದು ಆ ಹೊಂದಿಕೆಯಿಂದ. ಕಾರ್ಖಾನೆಯ ಅಳತೆಗೆ ತಯಾರಾದ ಹೊಸ ಶೂ ಕಾರ್ಖಾನೆಯ ಅಳತೆ ಕಳೆದುಕೊಂಡ ಮನೆಯೊಳಗೆ ಬಂದು ಕೂರುತ್ತದೆ. ಸದ್ದು ಹೊಸದಾದರೂ ಅದರ ಕಾರಣ ಎಷ್ಟೋ ವೇಳೆ ಹಳೆಯದೇ ಆಗಿರುವುದು ಹೀಗೆ.

ಪರೀಕ್ಷೆ ಶುರುವಾಗಬೇಕಾದದ್ದು ಸ್ಪ್ಯಾನರಿನಿಂದಲ್ಲ, ನಾಲ್ಕು ಪ್ರಶ್ನೆಗಳಿಂದ. ಬ್ರೇಕ್ ತುಳಿಯದೆಯೂ ಸದ್ದು ಬರುತ್ತದೆಯೇ? ತುಳಿದಾಗ ಹೆಚ್ಚಾಗುತ್ತದೆಯೋ, ನಿಲ್ಲುತ್ತದೆಯೋ? ಚಕ್ರದ ಒಂದೊಂದು ಸುತ್ತಿಗೂ ಒಂದೊಂದು ಸಲ ಬರುತ್ತದೆಯೋ, ಎಡೆಬಿಡದೆ ಬರುತ್ತದೆಯೋ? ಹಿಂದಕ್ಕೆ ಓಡಿಸಿದರೆ ಏನಾಗುತ್ತದೆ? ಮೂರನೆಯ ಪ್ರಶ್ನೆಗೆ ಉತ್ತರಿಸಲು ಒಂದು ಸರಳ ಲೆಕ್ಕ ನೆರವಾಗುತ್ತದೆ. ಹಳೆಯ ಸಣ್ಣ ಕಾರುಗಳ 145/80 ಆರ್ 12 ಟೈರಿನ ಸುತ್ತಳತೆ ಸುಮಾರು 1.69 ಮೀಟರ್. ಗಂಟೆಗೆ 10 ಕಿ.ಮೀ ವೇಗವೆಂದರೆ ಸೆಕೆಂಡಿಗೆ 2.8 ಮೀಟರ್, ಚಕ್ರ ಸೆಕೆಂಡಿಗೆ ಒಂದೂವರೆ ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ, ಅಂದರೆ ಹತ್ತು ಸೆಕೆಂಡಿಗೆ ಹದಿನಾರು ಸುತ್ತು. ಖಾಲಿ ರಸ್ತೆಯಲ್ಲಿ ಅದೇ ವೇಗ ಕಾದುಕೊಂಡು ಸದ್ದನ್ನು ಎಣಿಸಿದರೆ, ಲೆಕ್ಕ ಹೊಂದಿದಲ್ಲಿ ದೋಷ ಡ್ರಮ್ಮಿನ ಸುತ್ತಿನ ಯಾವುದೋ ಒಂದು ಬಿಂದುವಿನಲ್ಲಿದೆ ಎಂದು ತಿಳಿಯುತ್ತದೆ. ಯಾವ ಚಕ್ರವೆಂಬುದನ್ನು ಮಾತ್ರ ಒಳಗೆ ಕುಳಿತು ನಿರ್ಧರಿಸಲು ಹೋಗಬಾರದು. ಸದ್ದು ಆಕ್ಸಲ್ಲಿನ ಮೂಲಕ, ಬಾಡಿಯ ತಗಡಿನ ಮೂಲಕ ಹರಿದು ಬೇರೆಲ್ಲೋ ಕೇಳಿಸುತ್ತದೆ. ಕಿಟಕಿ ಇಳಿಸಿ ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ನಿಧಾನವಾಗಿ ಸಾಗಿ, ಮತ್ತೆ ಅದೇ ಗೋಡೆ ಇನ್ನೊಂದು ಬದಿಗೆ ಬರುವಂತೆ ವಾಪಸ್ಸಾದರೆ ಪ್ರತಿಧ್ವನಿಯ ಭೇದ ಕೇಳಿಸುತ್ತದೆ.

ಬ್ರೇಕ್ ಮುಟ್ಟದಿರುವಾಗಲೂ ಬರುವ ಉಜ್ಜುವಿಕೆ ಮನೆಯ ಕೆಲಸದ ನಂತರ ಅತಿ ಹೆಚ್ಚು ಕಾಣುವ ದೂರು. ಹೊಸ ಶೂ ಡ್ರಮ್ಮಿಗೆ ಅಲ್ಲಲ್ಲಿ ಸೋಕಿ ಹಗುರವಾಗಿ ಸರಸರ ಎನ್ನುವುದು ದೋಷವಲ್ಲ. ಜಾಕಿ ಏರಿಸಿ, ಸ್ಟ್ಯಾಂಡ್ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಿದರೆ ಅದು ಸುಲಭವಾಗಿ ತಿರುಗುತ್ತಿರಬೇಕು, ಅಷ್ಟೆ. ತಿರುಗಲು ಬಲ ಬೇಕಾದರೆ, ಅಥವಾ ಹತ್ತು ಕಿ.ಮೀ ಓಡಿದ ಬಳಿಕ ಅಂಗೈಯನ್ನು ಮುಟ್ಟಿಸದೆ ಹತ್ತಿರ ಒಯ್ದಾಗ ಒಂದು ಡ್ರಮ್ ಇನ್ನೊಂದಕ್ಕಿಂತ ಸ್ಪಷ್ಟವಾಗಿ ಬಿಸಿಯಾಗಿದ್ದರೆ, ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ. ಇದಕ್ಕೆ ಕಾರಣ ಬಹುಪಾಲು ಕೆಲಸದ ಕ್ರಮ ತಪ್ಪಿದ್ದು. ಮೊದಲು ಅಡ್ಜಸ್ಟರಿನಿಂದ ಶೂವಿನ ಅಂತರ ಹೊಂದಿಸಿ, ಪೆಡಲನ್ನು ಹಲವು ಸಲ ತುಳಿದು ಶೂಗಳನ್ನು ನಡುವಿಗೆ ತಂದು, ಕೊನೆಗೆ ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ನೋಡಬೇಕು. ಹ್ಯಾಂಡ್ ಬ್ರೇಕ್ ಸನ್ನೆ ಮೇಲೆ ಬರುತ್ತಿದೆಯೆಂದು ಮೊದಲೇ ಕೇಬಲ್ ಎಳೆದುಬಿಟ್ಟರೆ ಒಳಗಿನ ಸನ್ನೆ ಶೂವನ್ನು ಸದಾ ಅರೆಬರೆ ಅಗಲಿಸಿಟ್ಟಿರುತ್ತದೆ. ಶೂ ತನ್ನ ಜಾಗಕ್ಕೆ ಹಿಂತಿರುಗುವುದೇ ಇಲ್ಲ. ಕೇಬಲ್ಲನ್ನು ಪೂರ್ತಿ ಸಡಿಲಿಸಿ ಓಡಿಸಿದಾಗ ಸದ್ದು ನಿಂತರೆ ದೋಷ ಸಿಕ್ಕಿತೆಂದೇ ತಿಳಿಯಬಹುದು.

ಅದೇ ಉಜ್ಜುವಿಕೆ ಸುತ್ತಿಗೊಮ್ಮೆ ಬಂದುಹೋಗುತ್ತಿದ್ದರೆ ಹುಡುಕಬೇಕಾದ ಜಾಗಗಳು ಬೇರೆ. ಜಿಗುಟಾಗಿ ಕೂತ ಡ್ರಮ್ಮನ್ನು ಸ್ಕ್ರೂಡ್ರೈವರ್ ತುರುಕಿ ಮೀಟಿದಾಗ ಬ್ಯಾಕ್ ಪ್ಲೇಟಿನ ಅಂಚು ಬಾಗಿ ಡ್ರಮ್ಮಿಗೆ ತಾಗುತ್ತದೆ. ಹೊರಗಿನಿಂದ ನೋಡಿದರೆ ಅಂಚಿನಲ್ಲಿ ಹೊಳೆಯುವ ಹೊಸ ಗೀರು ಕಾಣುತ್ತದೆ. ಜಪಾನಿ ವಿನ್ಯಾಸದ ಎಷ್ಟೋ ಕಾರುಗಳ ಡ್ರಮ್ಮಿನ ಮುಖದಲ್ಲಿ ಮರೆ, ಅಂದರೆ ಬೋಲ್ಟು ಕಚ್ಚುವ ಸುರುಳಿ ಗೆರೆ (ಥ್ರೆಡ್), ಇರುವ ಎರಡು ರಂಧ್ರಗಳಿರುವುದು ಇದಕ್ಕಾಗಿಯೇ. ಅವುಗಳಿಗೆ ಸರಿಯಾದ ಬೋಲ್ಟು ಹಾಕಿ ಸಮನಾಗಿ ಬಿಗಿಯುತ್ತ ಹೋದರೆ ಡ್ರಮ್ ತಾನಾಗಿ ಹೊರಬರುತ್ತದೆ, ತಗಡಿಗೆ ಪೆಟ್ಟಾಗುವುದಿಲ್ಲ. ಹಬ್ಬಿನ ಮುಖದಲ್ಲಿ ತುಕ್ಕಿನ ಚೂರೊಂದು ಉಳಿದರೂ ಡ್ರಮ್ ಓರೆಯಾಗಿ ಕೂತು ಅಡ್ಡಾಡುತ್ತದೆ; ಚಕ್ರದ ನಟ್ಟುಗಳನ್ನು ಒಂದೊಂದು ಕಡೆ ಒಂದೊಂದು ಬಿಗಿಗೆ ತಿರುಗಿಸಿದರೂ ಅದೇ ಪರಿಣಾಮ. ಅಂಚಿನ ಏಣು ಹೊಸ ಶೂವಿಗೆ ತಾಗುತ್ತಿದೆಯೇ ಎಂಬ ಅನುಮಾನಕ್ಕೆ ಸೀಮೆಸುಣ್ಣ ಸಾಕು. ಡ್ರಮ್ಮಿನ ಒಳಮೈಗೆ ಅಂಚಿನ ತನಕ ಸುಣ್ಣ ಉಜ್ಜಿ, ಮೇಲೆ ಕೂರಿಸಿ, ಕೈಯಿಂದ ನಾಲ್ಕು ಸುತ್ತು ತಿರುಗಿಸಿ ಮತ್ತೆ ತೆಗೆದರೆ, ಲೈನಿಂಗಿನ ಮೇಲೆ ಬಿಳಿ ಎಲ್ಲಿ ಹತ್ತಿದೆಯೋ ಅಲ್ಲಿ ತಾಗುತ್ತಿದೆ. ಲೈನಿಂಗಿನ ಒಂದು ಅಂಚಿನುದ್ದಕ್ಕೆ ಮಾತ್ರ ಬಿಳಿ ಗೆರೆ ಮೂಡಿದ್ದರೆ ತಪ್ಪು ಆ ಏಣಿನದು.

ಬ್ರೇಕ್ ತುಳಿದಾಗ ಮಾತ್ರ ಬರುವ ಕೀರಲು ಇದಕ್ಕಿಂತ ಸೂಕ್ಷ್ಮವಾದ ವಿಷಯ. ಲೈನಿಂಗ್ ಡ್ರಮ್ಮಿನ ಮೇಲೆ ಸಮನಾಗಿ ಜಾರದೆ, ಕ್ಷಣ ಅಂಟಿ ಕ್ಷಣ ಜಾರುತ್ತ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಅದುರಿದಾಗ ಡ್ರಮ್ ಗಂಟೆಯಂತೆ ದನಿಗೊಡುತ್ತದೆ. ಡ್ರಮ್ಮನ್ನು ಬೂದು ಎರಕದ ಕಬ್ಬಿಣದಿಂದ ಮಾಡುವುದಕ್ಕೆ ಒಂದು ಕಾರಣ ಅದರೊಳಗಿನ ಗ್ರಾಫೈಟ್ ಪದರಗಳು ಈ ಅದುರನ್ನು ಹೀರಿಕೊಳ್ಳುತ್ತವೆ ಎಂಬುದು. ಕೆಲವು ಹಳೆಯ ಅಮೆರಿಕನ್ ಕಾರುಗಳಲ್ಲಿ ಡ್ರಮ್ಮಿನ ಹೊರಗೆ ಸ್ಪ್ರಿಂಗ್ ಸುತ್ತಿ ಅದನ್ನು ಅಡಗಿಸುತ್ತಿದ್ದರು. ಮನೆಯಲ್ಲಿ ಮಾಡಿದ ಕೆಲಸದ ನಂತರ ಈ ಅದುರು ಶುರುವಾಗಲು ಮೊದಲ ಶಂಕಿತ ಬ್ಯಾಕ್ ಪ್ಲೇಟಿನ ಆ ಆರು ಉಬ್ಬುಗಳು. ಅವನ್ನು ಒರೆಸಿ, ಹೆಚ್ಚಿನ ಉಷ್ಣ ತಾಳುವ ಬ್ರೇಕ್ ಗ್ರೀಸನ್ನು ತೆಳುವಾಗಿ ಸವರದಿದ್ದರೆ ಶೂ ಒಣಗಿದ ಲೋಹದ ಮೇಲೆ ತಡೆತಡೆದು ಸರಿಯುತ್ತದೆ. ಸಾಮಾನ್ಯ ಗ್ರೀಸು ಇಲ್ಲಿ ಅಪಾಯ. ಬಿಸಿಗೆ ಕರಗಿ ಲೈನಿಂಗಿಗೆ ಹರಿಯುತ್ತದೆ. ಎರಡನೆಯ ಶಂಕಿತ ಆ ಹರಿದ ಜಿಡ್ಡೇ. ಗ್ರೀಸು ಮೆತ್ತಿದ ಬೆರಳು ಲೈನಿಂಗನ್ನು ಮುಟ್ಟಿದ್ದು, ವೀಲ್ ಸಿಲಿಂಡರಿನ ರಬ್ಬರ್ ಹೊದಿಕೆಯಿಂದ ಬ್ರೇಕ್ ಆಯಿಲ್ ಒಸರಿದ್ದು ಕೀರಲನ್ನು ಹುಟ್ಟಿಸುತ್ತವೆ, ಒಂದು ಬದಿಗೆ ಎಳೆತವನ್ನೂ ತರುತ್ತವೆ. ಆಯಿಲ್ ಕುಡಿದ ಲೈನಿಂಗನ್ನು ಎಮರಿ ಪೇಪರಿನಿಂದ ಉಜ್ಜಿ ಉಳಿಸಿಕೊಳ್ಳುವ ಪ್ರಯತ್ನ ವ್ಯರ್ಥ, ಏಕೆಂದರೆ ಆಯಿಲ್ ಒಳಕ್ಕಿಳಿದಿದ್ದು ಪ್ರತಿ ಸಲ ಬಿಸಿಯಾದಾಗ ಮೇಲೆ ಬರುತ್ತದೆ. ಶೂಗಳನ್ನು ಮತ್ತೆ ಬದಲಿಸಬೇಕು, ಅದಕ್ಕೂ ಮೊದಲು ಸಿಲಿಂಡರ್ ಸರಿಪಡಿಸಬೇಕು. ಮೂರನೆಯದು ಬಾಗಿನ ಹೊಂದಿಕೆ. ಶೂವಿನ ಬಾಗು ಡ್ರಮ್ಮಿನ ಬಾಗಿಗಿಂತ ಸಡಿಲವಾಗಿದ್ದು ಶೂ ಎರಡು ತುದಿಗಳಲ್ಲಿ ಮಾತ್ರ ತಾಗುತ್ತಿದ್ದರೆ ಕೀರಲೂ ಬರುತ್ತದೆ, ಬ್ರೇಕ್ ಗಕ್ಕನೆ ಹಿಡಿಯುತ್ತದೆ. ಸವೆದು ಅಗಲವಾದ ಡ್ರಮ್ಮಿನಲ್ಲಿ ಹೊಸ ಶೂ ನಡುಭಾಗದಲ್ಲಿ ತಾಗುತ್ತದೆ. ಅದು ಅಷ್ಟು ಕೇಡಿನದಲ್ಲ, ಓಡಿದಂತೆ ಹರಡಿಕೊಳ್ಳುತ್ತದೆ. ಸೀಮೆಸುಣ್ಣದ ಪರೀಕ್ಷೆ ಇಲ್ಲಿಯೂ ನಿಜ ಹೇಳುತ್ತದೆ.

ಟಕ್ ಎಂಬ ಸದ್ದಿನ ಪ್ರಸಂಗ ಈ ಇಡೀ ವಾದಕ್ಕೆ ಒಳ್ಳೆಯ ನಿದರ್ಶನ. ಡ್ರಮ್ಮಿನಲ್ಲಿ ಗೀರುಗಳಿವೆಯೆಂದು ಲೇತಿಗೆ ಕೊಟ್ಟು ಒಳಮೈ ತಿರುವಿಸಿ ತಂದು, ಹೊಸ ಶೂ ಹಾಕಿ, ಎಲ್ಲವನ್ನೂ ಶಿಸ್ತಾಗಿ ಮಾಡಿದವರಿಗೇ ಈ ಸದ್ದು ಬರುತ್ತದೆ. ನಿಧಾನ ವೇಗದಲ್ಲಿ ಹಗುರವಾಗಿ ಬ್ರೇಕ್ ತುಳಿದಾಗ ಟಕ್, ಮತ್ತೆ ಟಕ್. ಬಿಚ್ಚಿ ನೋಡಿದರೆ ಯಾವ ಭಾಗವೂ ಮುರಿದಿಲ್ಲ, ಸಡಿಲವಾಗಿಲ್ಲ. ಆಗುವುದು ಇಷ್ಟು: ಲೇತಿನ ಉಳಿ ಒಂದಂಚಿನಿಂದ ಇನ್ನೊಂದಂಚಿಗೆ ಸರಿಯುತ್ತ ಕೊರೆಯುವುದರಿಂದ ಡ್ರಮ್ಮಿನ ಒಳಮೈಯಲ್ಲಿ ಬರಿಗಣ್ಣಿಗೆ ಕಷ್ಟದಿಂದ ಕಾಣುವ ಸುರುಳಿ ಮರೆ ಮೂಡಿರುತ್ತದೆ. ಉಳಿಯನ್ನು ಆತುರದಿಂದ ಸರಿಸಿದ್ದರೆ ಮರೆ ಇನ್ನೂ ಒರಟು. ಬ್ರೇಕ್ ಒತ್ತಿದಾಗ ಲೈನಿಂಗ್ ಆ ಮರೆಯನ್ನು ಹಿಡಿದು ಪಕ್ಕಕ್ಕೆ ಸಾಗುತ್ತದೆ, ಬ್ಯಾಕ್ ಪ್ಲೇಟಿನಿಂದ ದೂರ ಸರಿಯುತ್ತದೆ. ಪಿನ್ನಿನ ಸ್ಪ್ರಿಂಗ್ ಒಂದು ಹಂತದವರೆಗೆ ಬಿಟ್ಟುಕೊಟ್ಟು ಆಮೇಲೆ ಎಳೆದುಬಿಡುತ್ತದೆ. ಶೂ ಹಿಂದಕ್ಕೆ ಹಾರಿ ತಗಡಿಗೆ ಬಡಿಯುತ್ತದೆ. ಶೂ ಬದಲಿಸಿದರೂ ಸ್ಪ್ರಿಂಗ್ ಬದಲಿಸಿದರೂ ಈ ಸದ್ದು ಹೋಗುವುದಿಲ್ಲ. ಒಳಮೈಯನ್ನು ಎಮರಿ ಪೇಪರಿನಿಂದ ಸುರುಳಿಗೆ ಅಡ್ಡಡ್ಡಲಾಗಿ ಉಜ್ಜಿ, ಗೆರೆಗಳ ಒಂದೇ ದಿಕ್ಕನ್ನು ಮುರಿದು, ಚೆನ್ನಾಗಿ ತೊಳೆದರೆ ಬಹುಮಟ್ಟಿಗೆ ಹೋಗುತ್ತದೆ. ಲೇತಿಗೆ ಕೊಡುವ ಮೊದಲು ಡ್ರಮ್ಮಿನ ಮೇಲೆ ಎರಕದಲ್ಲೇ ಅಚ್ಚಾಗಿರುವ ಗರಿಷ್ಠ ವ್ಯಾಸವನ್ನು ನೋಡಬೇಕು. ಅದನ್ನು ದಾಟಿದ ಡ್ರಮ್ ಎಷ್ಟು ನುಣುಪಾದರೂ ಗುಜರಿಗೇ ಸೇರಬೇಕಾದದ್ದು, ಏಕೆಂದರೆ ತೆಳುವಾದ ಕಬ್ಬಿಣ ಬಿಸಿಯನ್ನು ಹೀರದು, ಹೆಚ್ಚು ಅದುರುತ್ತದೆ, ಬಿರುಕು ಬಿಡುವ ಸಾಧ್ಯತೆಯೂ ಇದೆ.

ಟಕ್ ಎಂಬುದೇ ಬೇರೆ ಹೊತ್ತಿನಲ್ಲಿ ಬಂದರೆ ಅರ್ಥ ಬೇರೆ. ಹಿಂದಕ್ಕೆ ತೆಗೆದು ಮೊದಲ ಸಲ ಬ್ರೇಕ್ ತುಳಿದಾಗ ಒಂದೇ ಒಂದು ಸಲ ಬಂದರೆ, ಶೂಗಳು ತಿರುಗುವ ದಿಕ್ಕು ಬದಲಾದದ್ದಕ್ಕೆ ಆಧಾರದ ಈ ಬದಿಯಿಂದ ಆ ಬದಿಗೆ ಸರಿದು ಕೂತವು ಎಂದಷ್ಟೆ. ಸಣ್ಣದಾಗಿದ್ದರೆ ಬಿಡಬಹುದು, ಜೋರಾಗಿದ್ದರೆ ಅಂತರ ಹೆಚ್ಚಾಗಿದೆ. ಪ್ರತಿ ತುಳಿತಕ್ಕೂ ಬಂದರೆ ಉಬ್ಬುಗಳ ಹಳ್ಳದಲ್ಲಿ ಶೂ ಸಿಕ್ಕಿ ಬಿಡಿಸಿಕೊಳ್ಳುತ್ತಿದೆ. ದಿನ ಕಳೆದಂತೆ ಟಕ್ ಜೋರಾಗುತ್ತ, ಜೊತೆಗೆ ಪೆಡಲ್ ಕೆಳಗಿಳಿಯುತ್ತ ಹೋದರೆ ಎಡಬಲದ ಅಡ್ಜಸ್ಟರುಗಳು ಅದಲುಬದಲಾಗಿರಬಹುದು. ಹಲ್ಲಿನ ಚಕ್ರವಿರುವ ಅಡ್ಜಸ್ಟರುಗಳಲ್ಲಿ ಒಂದು ಬದಿಯ ಮರೆ ಎಡಕ್ಕೆ, ಇನ್ನೊಂದರದು ಬಲಕ್ಕೆ. ತಪ್ಪು ಬದಿಗೆ ಹಾಕಿದರೆ ಅದು ಅಂತರ ತುಂಬುವ ಬದಲು ಪ್ರತಿ ಸಲವೂ ಹೆಚ್ಚಿಸುತ್ತದೆ. ಎರಡು ಶೂಗಳ ಲೈನಿಂಗ್ ಉದ್ದ ಬೇರೆಬೇರೆಯಿರುವ, ಹಳೆಯ ಅಮೆರಿಕನ್ ಕಾರು ಮತ್ತು ಪಿಕಪ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ವ್ಯವಸ್ಥೆಯಲ್ಲಿ ಗಿಡ್ಡ ಲೈನಿಂಗಿನದು ಮುಂದಕ್ಕೆ ಬರಬೇಕು. ತಿರುಗುಮುರುಗಾದರೆ ಬ್ರೇಕಿನ ಬಲವೂ ಕೆಡುತ್ತದೆ, ಸದ್ದೂ ಬರುತ್ತದೆ. ಒಂದು ಚಕ್ರ ಮುಗಿಯುವ ತನಕ ಇನ್ನೊಂದನ್ನು ಬಿಚ್ಚಬಾರದೆಂಬ ಗ್ಯಾರೇಜಿನ ಹಳೆಯ ನಿಯಮ ಈ ಗೊಂದಲಗಳನ್ನೆಲ್ಲ ತಪ್ಪಿಸುತ್ತದೆ: ಬಿಚ್ಚದ ಬದಿಯೇ ನಕ್ಷೆ.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ಹಳ್ಳದ ರಸ್ತೆಯಲ್ಲಿ ಕಟಕಟ ಎಂದು, ಪೆಡಲನ್ನು ಸ್ವಲ್ಪ ಮುಟ್ಟಿದೊಡನೆ ನಿಲ್ಲುವುದು ಸಡಿಲ ಸ್ಪ್ರಿಂಗು ಅಥವಾ ಸರಿಯಾಗಿ ಕೂರದ ಪಿನ್ನು. ವೇಗದೊಂದಿಗೆ ಏರುವ, ಬ್ರೇಕಿಗೆ ಬದಲಾಗದ, ತಿರುವಿನಲ್ಲಿ ಹೆಚ್ಚುಕಡಿಮೆಯಾಗುವ ಗುಂಯ್ ಸದ್ದು ಬೇರಿಂಗಿನದು. ಡ್ರಮ್ಮಿನೊಳಗೇ ಬೇರಿಂಗ್ ಇರುವ ಸಣ್ಣ ಕಾರುಗಳಲ್ಲಿ ಡ್ರಮ್ ಎಳೆದು ತೆಗೆಯುವಾಗ, ನಡುವಿನ ನಟ್ಟನ್ನು ಅಂದಾಜಿನಲ್ಲಿ ಬಿಗಿದಾಗ ಅದು ಕೆಡುತ್ತದೆ. ಮಳೆಗಾಲದಲ್ಲಿ, ಮುಖ್ಯವಾಗಿ ಕರಾವಳಿ ಮಲೆನಾಡುಗಳಲ್ಲಿ, ರಾತ್ರಿ ನಿಂತ ಕಾರು ಬೆಳಿಗ್ಗೆ ಮೊದಲ ನಾಲ್ಕಾರು ಬ್ರೇಕಿಗೆ ಗೊರಗೊರ ಎಂದು ಸುಮ್ಮನಾಗುವುದು ಮೇಲ್ಮೈ ತುಕ್ಕು. ಬೈಕು ಸ್ಕೂಟರುಗಳಲ್ಲಿ ಸಿಲಿಂಡರಿನ ಬದಲು ಕ್ಯಾಮ್ ಶೂಗಳನ್ನು ಅಗಲಿಸುವುದರಿಂದ ಅಲ್ಲಿ ಒಣಗಿದ ಕ್ಯಾಮ್ ಮತ್ತು ಶೂ ತಿರುಗುವ ಪಿನ್ನು ಮೊದಲ ಶಂಕಿತರು; ಮಿಕ್ಕ ತರ್ಕ ಅದೇ.

ಇದಕ್ಕೆಲ್ಲ ಬರುವ ದೊಡ್ಡ ಆಕ್ಷೇಪ, ಹೊಸ ಬ್ರೇಕು ಸದ್ದು ಮಾಡುವುದು ಸಹಜ, ಓಡಿಸುತ್ತ ಹೋದರೆ ತಾನೇ ಸರಿಹೋಗುತ್ತದೆ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಹೊಸ ಲೈನಿಂಗ್ ಡ್ರಮ್ಮಿನ ಮೈಗೆ ಹೊಂದಲು ಓಟ ಬೇಕು, 40–50 ಕಿ.ಮೀ ವೇಗದಿಂದ ಮಧ್ಯಮ ಒತ್ತಡದಲ್ಲಿ, ನಡುವೆ ತಣಿಯಲು ಬಿಟ್ಟು, ಹತ್ತಿಪ್ಪತ್ತು ಸಲ ನಿಧಾನಿಸುವುದು ಅದನ್ನು ಬೇಗ ಮಾಡಿಸುತ್ತದೆ. ಆದರೆ ಓಟದಿಂದ ಸರಿಹೋಗುವುದು ಲೈನಿಂಗ್ ಮಾತ್ರ. ಬಾಗಿದ ತಗಡು, ಬಿಗಿಯಾದ ಕೇಬಲ್, ಆಯಿಲ್ ಒಸರುವ ಸಿಲಿಂಡರ್, ಅದಲುಬದಲಾದ ಅಡ್ಜಸ್ಟರ್ ಯಾವ ಓಟದಿಂದಲೂ ನೇರವಾಗುವುದಿಲ್ಲ. ಭೇದ ತಿಳಿಯುವುದು ಕಷ್ಟವಲ್ಲ: ಹೊಂದಿಕೆಯ ಸದ್ದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ, 200–300 ಕಿ.ಮೀ ಒಳಗೆ ಬಹುತೇಕ ಅಡಗುತ್ತದೆ. ಅಷ್ಟೇ ಇರುವ ಸದ್ದು, ಹೆಚ್ಚುವ ಸದ್ದು ಹೊಂದಿಕೆಯದಲ್ಲ. ಲೋಹದ ಗರಗರಕ್ಕಂತೂ ಒಂದು ಕಿ.ಮೀ ಕೂಡ ಕಾಯಬಾರದು. ಹೊಸ ಲೈನಿಂಗಿನೊಡನೆ ಲೋಹ ಲೋಹಕ್ಕೆ ತಾಗಲು ಯಾವ ಸಹಜ ಕಾರಣವೂ ಇಲ್ಲ, ಒಳಗೆ ಏನೋ ಕಳಚಿ ಬಿದ್ದಿರುತ್ತದೆ, ಇಲ್ಲವೇ ಬಾಗಿದ ತಗಡು ಡ್ರಮ್ಮಿಗೆ ತಾಗುತ್ತಿರುತ್ತದೆ.

ಇನ್ನೊಂದು ಆಕ್ಷೇಪ ಅಗ್ಗದ ನಕಲಿ ಶೂಗಳ ಬಗ್ಗೆ. ಅವು ಮಾರುಕಟ್ಟೆಯಲ್ಲಿರುವುದು ನಿಜ, ಗಡುಸು ಲೈನಿಂಗ್ ಕೀರುವುದೂ ನಿಜ. ಆದರೂ ಈ ತೀರ್ಪು ಕೊನೆಯದಾಗಿರಬೇಕು, ಮೊದಲನೆಯದಲ್ಲ. ಎರಡು ಚಕ್ರಗಳಿಗೂ ಒಂದೇ ಪೆಟ್ಟಿಗೆಯ ಶೂ ಹಾಕಿ ಒಂದರಲ್ಲಿ ಮಾತ್ರ ಸದ್ದು ಬಂದರೆ ಶೂವನ್ನು ದೂರಲು ಆಧಾರ ತೀರ ದುರ್ಬಲ. ಎರಡರಲ್ಲೂ ಒಂದೇ ರೀತಿ ಬಂದರೆ, ಉಬ್ಬು, ಅಂಚು, ಕೇಬಲ್ ಎಲ್ಲ ನೋಡಿಯೂ ಉಳಿದರೆ, ಆಗ ಅನುಮಾನಕ್ಕೆ ಅರ್ಥವಿದೆ. ಇಂಥ ಕೆಲಸವನ್ನು ಮನೆಯಲ್ಲಿ ಮಾಡಲೇಬಾರದು ಎನ್ನುವವರೂ ಇದ್ದಾರೆ. ಸಿಲಿಂಡರ್ ಬಿಚ್ಚಿ ಆಯಿಲ್‌ನಿಂದ ಗಾಳಿ ತೆಗೆಯುವ ಅನುಭವವಿಲ್ಲದವರಿಗೆ ಆ ಮಾತು ಒಪ್ಪುವಂಥದ್ದೇ. ಶೂ ಬದಲಾವಣೆಯ ಸದ್ದಿನ ಮಟ್ಟಿಗೆ ಮಾತ್ರ ಮನೆಯಲ್ಲಿ ಮಾಡಿದವರ ಕೈಯಲ್ಲಿ ಗ್ಯಾರೇಜಿಗಿಲ್ಲದ ಒಂದು ಮಾಹಿತಿ ಇರುತ್ತದೆ: ಏನನ್ನು ಮುಟ್ಟಿದೆ, ಏನನ್ನು ಮುಟ್ಟಲಿಲ್ಲ, ಯಾವ ಕ್ರಮದಲ್ಲಿ ಮಾಡಿದೆ ಎಂಬುದು. ಬಿಚ್ಚುವ ಮೊದಲು ತೆಗೆದ ಫೋಟೊ, ಉಳಿಸಿಕೊಂಡ ಹಳೆಯ ಶೂ ಈ ಮಾಹಿತಿಯ ಭಾಗ. ಹಳೆಯ ಲೈನಿಂಗಿನ ಒಂದು ತುದಿ ಹೆಚ್ಚು ಸವೆದಿದ್ದರೆ, ಒಂದು ಅಂಚು ಓರೆಯಾಗಿದ್ದರೆ ಹೊಸ ಶೂವಿಗೂ ಕಾದಿರುವ ತೊಂದರೆ ಅಲ್ಲೇ ಬರೆದಿರುತ್ತದೆ.

ಪದೇ ಪದೇ ಬಿಚ್ಚಿ ನೋಡುವವರು ಧೂಳಿನ ಬಗ್ಗೆ ಎಚ್ಚರವಿರಬೇಕು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಬಳಸುತ್ತಿದ್ದರು. ಅದರ ಎಳೆಗಳು ಶ್ವಾಸಕೋಶದ ಕ್ಯಾನ್ಸರ್ ತರುತ್ತವೆಂಬುದು ಸಾಬೀತಾದ ವಿಷಯ, ನೋಡಿ ಗುರುತಿಸುವಂತೆಯೂ ಇಲ್ಲ. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದಾಗಲಿ ಕಂಪ್ರೆಸರ್ ಗಾಳಿಯಿಂದಾಗಲಿ ಊದಬಾರದು. ಬ್ರೇಕ್ ಕ್ಲೀನರಿನಿಂದ ತೋಯಿಸಿ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು.

ಸದ್ದು ಹೋದ ಮಾತ್ರಕ್ಕೆ ಬ್ರೇಕ್ ಸರಿಯಾಯಿತೆಂದು ತಿಳಿಯಬಾರದು. ಒಸರುವ ಸಿಲಿಂಡರ್ ಆಯಿಲ್ ಲೈನಿಂಗನ್ನು ಮುಟ್ಟುವ ತನಕ ಸದ್ದು ಮಾಡುವುದಿಲ್ಲ, ಪೈಪಿನೊಳಗಿನ ಗಾಳಿ ಸದ್ದು ಮಾಡುವುದಿಲ್ಲ, ತಪ್ಪು ಬದಿಯ ಅಡ್ಜಸ್ಟರ್ ಮೊದಮೊದಲು ಸುಮ್ಮನೇ ಇರುತ್ತದೆ. ರಸ್ತೆಗಿಳಿಯುವ ಮುನ್ನ ಎಂಜಿನ್ ಚಾಲೂ ಇಟ್ಟು ಪೆಡಲನ್ನು ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಅದು ನಿಧಾನವಾಗಿ ಕೆಳಗಿಳಿದರೆ, ಅಥವಾ ಮೆತ್ತಗೆ ಸ್ಪಂಜಿನಂತೆ ತೋರಿದರೆ, ಚಕ್ರ ಎಷ್ಟೇ ನಿಶ್ಶಬ್ದವಾಗಿ ತಿರುಗಲಿ, ಆ ಗಾಡಿಯನ್ನು ಓಡಿಸಬೇಡಿ. ಮೆಕ್ಯಾನಿಕ್ಕನ್ನು ಗಾಡಿಯ ಬಳಿಗೇ ಕರೆಸಿ.